‘ನಮ್ಮ ಹುಡುಗಿ’ ಎಂಬ ಹಕ್ಕುಪತ್ರ: ಹೆಸರಾದ ಹೆಣ್ಣಿನ ಮೇಲೆ ಜನ ಮುನಿಯುವುದೇಕೆ?

ಹೆಸರು ಮಾಡಿದ ಹೆಣ್ಣಿನ ಮೇಲೆ ಜನರ ಮುನಿಸು ತಿರುಗಲು ದೊಡ್ಡ ಕಾರಣವೇನೂ ಬೇಕಿಲ್ಲ. ಸಂದರ್ಶನದಲ್ಲಿ ಆಡಿದ ಒಂದು ಮಾತು, ಮುರಿದುಬಿದ್ದ ಒಂದು ನಿಶ್ಚಿತಾರ್ಥ, ಹೋಗದೆ ಉಳಿದ ಒಂದು ಸಮಾರಂಭ ಸಾಕು. ನಿನ್ನೆಯವರೆಗೆ ‘ನಮ್ಮ ಹುಡುಗಿ’ ಆಗಿದ್ದವಳು ಬೆಳಗಾಗುವುದರೊಳಗೆ ‘ಹತ್ತಿದ ಏಣಿ ಒದ್ದವಳು’ ಆಗುತ್ತಾಳೆ. ಇದು ಸಿನಿಮಾದವರಿಗೆ ಮಾತ್ರ ಬರುವ ಕಷ್ಟವಲ್ಲ. ಲೇಖಕಿಯರು, ಗಾಯಕಿಯರು, ಆಟಗಾರ್ತಿಯರು, ರಾಜಕಾರಣಿಯರು ಎಲ್ಲರೂ ಒಂದಲ್ಲ ಒಂದು ದಿನ ಇದನ್ನು ಉಂಡವರೇ.

ಟೀಕೆ ಬೇರೆ, ಈ ಮುನಿಸು ಬೇರೆ. ನಟಿಯ ಅಭಿನಯ ಸಪ್ಪೆಯಾಗಿದೆ ಎನ್ನುವುದು, ಆಕೆ ಹೇಳಿದ ಸಂಗತಿ ತಪ್ಪು ಎಂದು ತೋರಿಸುವುದು, ಆಕೆಯ ರಾಜಕೀಯ ನಿಲುವನ್ನು ವಿರೋಧಿಸುವುದು, ಇವೆಲ್ಲ ಟೀಕೆ. ಸಾರ್ವಜನಿಕ ಬದುಕಿಗೆ ಬಂದವರು ಅದಕ್ಕೆ ಒಡ್ಡಿಕೊಳ್ಳಲೇಬೇಕು. ಟೀಕೆ ಹಗೆಯಾಗಿ ತಿರುಗಿದೆ ಎಂಬುದನ್ನು ಮೂರು ಗುರುತುಗಳಿಂದ ತಿಳಿಯಬಹುದು. ಮೊದಲನೆಯದಾಗಿ, ಮಾತು ಕೆಲಸವನ್ನು ಬಿಟ್ಟು ಮೈ, ಬಟ್ಟೆ, ನಡತೆ, ಮದುವೆಗಳ ಕಡೆಗೆ ಜಾರುತ್ತದೆ. ಎರಡನೆಯದಾಗಿ, ತಪ್ಪಿಗೂ ಕೇಳುವ ಶಿಕ್ಷೆಗೂ ತಾಳಮೇಳ ಇರುವುದಿಲ್ಲ: ಒಂದು ಮಾತಿಗೆ ಬಹಿಷ್ಕಾರ, ಒಂದು ನಗುವಿಗೆ ಬೆದರಿಕೆ. ಮೂರನೆಯದಾಗಿ, ಅದಕ್ಕೆ ಕೊನೆ ಎಂಬುದೇ ಇಲ್ಲ. ಪ್ರತಿ ಹೊಸ ಪ್ರಸಂಗದಲ್ಲೂ ಹಳೆಯ ಕಡತವೆಲ್ಲ ಮತ್ತೆ ಬಿಚ್ಚಿಕೊಳ್ಳುತ್ತದೆ.

ದುಬಾರೆಯ ಸುತ್ತಲ ಊರುಗಳು

ಈ ಮುನಿಸಿನ ಎಳೆ ಹಿಡಿದು ಹೊರಟರೆ ಕೊಡಗು ಸಿಗುತ್ತದೆ. ಅದು ಕರ್ನಾಟಕದಲ್ಲೇ ಅತಿ ಕಡಿಮೆ ಜನಸಂಖ್ಯೆಯ ಜಿಲ್ಲೆ. 2011ರ ಜನಗಣತಿಯಲ್ಲಿ ಇಲ್ಲಿದ್ದವರು ಐದೂವರೆ ಲಕ್ಷಕ್ಕೆ ತುಸು ಹೆಚ್ಚು. ಈ ಪುಟ್ಟ ಜಿಲ್ಲೆಯ ದುಬಾರೆ ಹೊರಗಿನವರಿಗೆ ಆನೆ ಶಿಬಿರವಾಗಿ ಪರಿಚಿತ. ಕಾವೇರಿಯನ್ನು ದಾಟಿದರೆ ಅರಣ್ಯ ಇಲಾಖೆಯ ಸಾಕಾನೆಗಳು, ಅವುಗಳ ಮಾವುತರು, ಕಾವಾಡಿಗರು. ದಸರಾ ಹತ್ತಿರವಾದಾಗ ಇಲ್ಲಿಂದ ಆನೆಗಳು ಮೈಸೂರಿಗೆ ಹೊರಡುತ್ತವೆ. ದುಬಾರೆಯನ್ನು ನಡುವಿಗಿಟ್ಟುಕೊಂಡು ಭೂಪಟ ನೋಡಿದರೆ ಉತ್ತರಕ್ಕೆ ಸೋಮವಾರಪೇಟೆ, ಪಶ್ಚಿಮಕ್ಕೆ ಮಡಿಕೇರಿ, ದಕ್ಷಿಣಕ್ಕೆ ವಿರಾಜಪೇಟೆ ಮತ್ತು ಗೋಣಿಕೊಪ್ಪಲು ಕಾಣುತ್ತವೆ. ಕಳೆದ ಹತ್ತು ವರ್ಷಗಳಲ್ಲಿ ಕರ್ನಾಟಕದ ಹೆಸರಾಂತ ಮಹಿಳೆಯರ ಮೇಲೆ ಎದ್ದ ಮೂರು ದೊಡ್ಡ ಗದ್ದಲಗಳ ಎಳೆ ಈ ಊರುಗಳಿಗೆ ಬಂದು ತಾಗುತ್ತದೆ. ನಟಿ ರಶ್ಮಿಕಾ ಮಂದಣ್ಣ ವಿರಾಜಪೇಟೆಯವರು. ನಟಿ, ಮಾಜಿ ಸಂಸದೆ ರಮ್ಯಾ ಮೇಲೆ ದೇಶದ್ರೋಹದ ದೂರು ದಾಖಲಾದದ್ದು ಸೋಮವಾರಪೇಟೆಯ ನ್ಯಾಯಾಲಯದಲ್ಲಿ. ಕತೆಗಾರ್ತಿ ಬಾನು ಮುಷ್ತಾಕ್ ಅವರೊಡನೆ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಹಂಚಿಕೊಂಡ ಅನುವಾದಕಿ ದೀಪಾ ಭಾಸ್ತಿ ಮಡಿಕೇರಿಯವರು. ಬಾನು ಉದ್ಘಾಟಿಸಬಾರದೆಂದು ಗದ್ದಲ ಎದ್ದದ್ದು ದುಬಾರೆಯ ಆನೆಗಳು ನಡೆಯುವ ಅದೇ ದಸರೆಗೆ.

ವಿರಾಜಪೇಟೆಯ ಹುಡುಗಿ

ರಶ್ಮಿಕಾ ಹುಟ್ಟಿದ್ದು 1996ರಲ್ಲಿ. ಗೋಣಿಕೊಪ್ಪಲಿನ ಕೂರ್ಗ್ ಪಬ್ಲಿಕ್ ಶಾಲೆಯಲ್ಲೂ ಆಮೇಲೆ ಬೆಂಗಳೂರಿನಲ್ಲೂ ಓದಿದರು. 2016ರ ಡಿಸೆಂಬರ್ 30ರಂದು ತೆರೆಕಂಡ ‘ಕಿರಿಕ್ ಪಾರ್ಟಿ’ ಅವರ ಮೊದಲ ಚಿತ್ರ. ಅದರ ಸಾನ್ವಿ ಪಾತ್ರ ಅವರನ್ನು ಒಂದೇ ವಾರದಲ್ಲಿ ‘ಕರ್ನಾಟಕದ ಕ್ರಶ್’ ಮಾಡಿತು. 2017ರ ಜುಲೈಯಲ್ಲಿ ಅದೇ ಚಿತ್ರದ ನಾಯಕ ರಕ್ಷಿತ್ ಶೆಟ್ಟಿ ಅವರೊಂದಿಗೆ ವಿರಾಜಪೇಟೆಯಲ್ಲಿ ನಿಶ್ಚಿತಾರ್ಥವಾಯಿತು. 2018ರ ಆಗಸ್ಟ್‌ನಲ್ಲಿ ತೆಲುಗಿನ ‘ಗೀತ ಗೋವಿಂದಂ’ ದೊಡ್ಡ ಗೆಲುವು ಕಂಡಿತು. ಸೆಪ್ಟೆಂಬರ್‌ನಲ್ಲಿ ನಿಶ್ಚಿತಾರ್ಥ ಮುರಿದ ಸುದ್ದಿ ಹೊರಬಿತ್ತು.

ಎರಡು ಸುದ್ದಿಗಳ ನಡುವೆ ಒಂದು ತಿಂಗಳೂ ಇರಲಿಲ್ಲ. ಜನ ಅವೆರಡನ್ನೂ ಒಂದೇ ದಾರಕ್ಕೆ ಪೋಣಿಸಿದರು: ಗೆದ್ದಳು, ಬಿಟ್ಟುಹೋದಳು. ಇಬ್ಬರ ನಡುವೆ ನಡೆದದ್ದೇನೆಂದು ಗೊತ್ತಿದ್ದವರು ಯಾರೂ ಇರಲಿಲ್ಲ. ಆದರೂ ತಪ್ಪು ಯಾರದ್ದೆಂಬ ತೀರ್ಪು ಮಾತ್ರ ಹೊರಬಿದ್ದಾಗಿತ್ತು. ಆಗ ರಕ್ಷಿತ್ ಅವರೇ ಫೇಸ್‌ಬುಕ್ಕಿನಲ್ಲಿ ಬರೆದು, ರಶ್ಮಿಕಾರನ್ನು ಹೀಗೆ ತೂಗಿನೋಡುವುದನ್ನು ನಿಲ್ಲಿಸಿ, ಕಂಡದ್ದೆಲ್ಲ ನಿಜವಲ್ಲ ಎಂದು ಕೇಳಿಕೊಂಡರು. ಯಾರ ಪರವಾಗಿ ಸಿಟ್ಟು ಮಾಡುತ್ತಿದ್ದೇವೆಂದು ಜನ ಹೇಳಿಕೊಳ್ಳುತ್ತಿದ್ದರೋ ಅವರ ಮಾತೂ ಆ ಸಿಟ್ಟನ್ನು ಇಳಿಸಲಿಲ್ಲ.

2022ರ ಪ್ರಸಂಗವನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕು. ಸೆಪ್ಟೆಂಬರ್ 30ರಂದು ‘ಕಾಂತಾರ’ ತೆರೆಕಂಡು ದೇಶವೆಲ್ಲ ಅದರ ಮಾತಾಡುತ್ತಿತ್ತು. ಸಿನಿಮಾ ನೋಡಿದಿರಾ ಎಂದು ಕೇಳಿದಾಗ ರಶ್ಮಿಕಾ ಇನ್ನೂ ಇಲ್ಲ ಎಂದರು. ಮತ್ತೊಂದು ಸಂದರ್ಶನದಲ್ಲಿ ತಾನು ಚಿತ್ರರಂಗಕ್ಕೆ ಬಂದ ಬಗೆ ವಿವರಿಸುತ್ತ, ಮೊದಲ ಅವಕಾಶ ಕೊಟ್ಟ ನಿರ್ಮಾಣ ಸಂಸ್ಥೆಯ ಹೆಸರು ಹೇಳದೆ ಎರಡೂ ಕೈಗಳ ಬೆರಳು ಮಡಚಿ ಗಾಳಿಯಲ್ಲಿ ಉದ್ಧರಣ ಚಿಹ್ನೆ ಬರೆದರು. ಕೆಲವೇ ಸೆಕೆಂಡುಗಳ ಸನ್ನೆ ಅದು. ಅಷ್ಟಕ್ಕೆ ಕರ್ನಾಟಕದಲ್ಲಿ ಅವರ ಚಿತ್ರಗಳನ್ನು ನಿಷೇಧಿಸಬೇಕೆಂಬ ಕೂಗೆದ್ದಿತು. ಕೆಲ ದಿನಗಳ ನಂತರ ‘ಕಿರಿಕ್ ಪಾರ್ಟಿ’ಯ ನಿರ್ದೇಶಕ ರಿಷಬ್ ಶೆಟ್ಟಿ ಇನ್ನೊಂದು ಸಂದರ್ಶನದಲ್ಲಿ, ಹೆಸರು ಹೇಳದೆ, ‘ಇಂಥ’ ನಟಿಯರು ತನಗೆ ಹಿಡಿಸುವುದಿಲ್ಲ ಎನ್ನುತ್ತ ಅದೇ ಬೆರಳ ಸನ್ನೆ ಮಾಡಿದರು. ಅದನ್ನು ತಕ್ಕ ಉತ್ತರವೆಂದು ಕೊಂಡಾಡಿದವರು ಬಹಳ. ಒಂದೇ ಸನ್ನೆ ಅವಳಲ್ಲಿ ದುರಹಂಕಾರವಾಯಿತು, ಅವನಲ್ಲಿ ಸ್ವಾಭಿಮಾನವಾಯಿತು.

ಆ ನವೆಂಬರ್‌ನಲ್ಲಿ ರಶ್ಮಿಕಾ ಇನ್‌ಸ್ಟಾಗ್ರಾಮಿನಲ್ಲಿ ಒಂದು ಬರಹ ಹಾಕಿದರು. ಟೀಕೆಯಿಂದ ಕಲಿಯಲು ತಾನು ಸಿದ್ಧ, ಆದರೆ ಆಡದ ಮಾತಿಗೆ ಹಂಗಿಸುವುದು ಮನಸ್ಸನ್ನು ಮುರಿಯುತ್ತದೆ ಎಂಬುದು ಅದರ ಸಾರ. ವರ್ಷ ಕಳೆಯುವಷ್ಟರಲ್ಲಿ, 2023ರ ನವೆಂಬರ್‌ನಲ್ಲಿ, ಅವರ ಮುಖವನ್ನು ಬೇರೊಬ್ಬ ಮಹಿಳೆಯ ಮೈಗೆ ಅಂಟಿಸಿದ ನಕಲಿ ವಿಡಿಯೊ ಹರಿದಾಡಿತು. ಕಪ್ಪು ಬಟ್ಟೆಯ ಮಹಿಳೆ ಲಿಫ್ಟಿನೊಳಗೆ ಬರುತ್ತಾಳೆ. ಬಾಗಿಲು ದಾಟುವ ಕ್ಷಣದಲ್ಲಿ ಅವಳ ಮುಖ ರಶ್ಮಿಕಾರ ಮುಖವಾಗಿ ಬದಲಾಗುತ್ತದೆ. ಡೀಪ್‌ಫೇಕ್ ಎಂಬ ಪದ ಕನ್ನಡದ ಮನೆಮನೆಗೆ ಬಂದದ್ದೇ ಈ ವಿಡಿಯೊದಿಂದ. 2024ರ ಜನವರಿಯಲ್ಲಿ ದೆಹಲಿ ಪೊಲೀಸರು ಆಂಧ್ರದ ಯುವಕನೊಬ್ಬನನ್ನು ಬಂಧಿಸಿದರು. ಪೊಲೀಸರು ಹೇಳಿದಂತೆ ಆತ ಅವರ ಶತ್ರುವಾಗಿರಲಿಲ್ಲ. ಅವರದೇ ಅಭಿಮಾನಿ ಪುಟವೊಂದನ್ನು ನಡೆಸುತ್ತಿದ್ದ; ಪುಟಕ್ಕೆ ಹಿಂಬಾಲಕರು ಹೆಚ್ಚಲೆಂದು ಅದನ್ನು ಮಾಡಿದ್ದ. ಅಭಿಮಾನಕ್ಕೂ ಹಗೆಗೂ ನಡುವಿನ ಗೋಡೆ ಎಷ್ಟು ತೆಳು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗಲಾರದು.

2025ರ ಫೆಬ್ರುವರಿಯಲ್ಲಿ ‘ಛಾವಾ’ ಚಿತ್ರದ ಕಾರ್ಯಕ್ರಮವೊಂದರಲ್ಲಿ ತಾನು ಹೈದರಾಬಾದಿನಿಂದ ಬಂದವಳು ಎಂದದ್ದು ಮತ್ತೊಂದು ಕಿಡಿ. ಮಾರ್ಚ್‌ನಲ್ಲಿ ಮಂಡ್ಯದ ಶಾಸಕ ರವಿಕುಮಾರ್ ಗಣಿಗ, ರಶ್ಮಿಕಾ ಬೆಂಗಳೂರು ಚಿತ್ರೋತ್ಸವದ ಆಹ್ವಾನವನ್ನು ತಿರಸ್ಕರಿಸಿದ್ದಾರೆ, ಅವರಿಗೆ ಪಾಠ ಕಲಿಸಬೇಡವೇ ಎಂದು ಕೇಳಿದರು. ಆಕ್ಷೇಪ ಬಂದಾಗ, ತಾನು ಹೇಳಿದ್ದು ಹತ್ತಿದ ಏಣಿಯನ್ನು ಒದೆಯಬಾರದೆಂಬ ಬದುಕಿನ ಪಾಠ ಎಂದು ವಿವರಣೆ ಕೊಟ್ಟರು. ಕೊಡವ ನ್ಯಾಷನಲ್ ಕೌನ್ಸಿಲ್ ಅಧ್ಯಕ್ಷ ಎನ್.ಯು. ನಾಚಪ್ಪ, ನಟಿಗೆ ಭದ್ರತೆ ಕೊಡಬೇಕೆಂದು ಗೃಹ ಸಚಿವರಿಗೆ ಪತ್ರ ಬರೆದರು.

ನಾಲ್ಕು ತಿಂಗಳ ನಂತರ ಮುನಿಸು ಕೊಡಗಿನ ಒಳಗಿಂದಲೇ ಎದ್ದಿತು. ಕೊಡವ ಸಮುದಾಯದಿಂದ ಚಿತ್ರರಂಗಕ್ಕೆ ಬಂದ ಮೊದಲಿಗಳು ಬಹುಶಃ ತಾನೇ ಎಂದು ರಶ್ಮಿಕಾ ಸಂದರ್ಶನವೊಂದರಲ್ಲಿ ಹೇಳಿದ್ದರು. ಆ ಮಾತು ತಪ್ಪು. 1995ರ ‘ಓಂ’, 1996ರ ‘ನಮ್ಮೂರ ಮಂದಾರ ಹೂವೆ’ ಚಿತ್ರಗಳ ನಾಯಕಿ ಪ್ರೇಮಾ ಕೊಡಗಿನವರೇ. ಡೈಸಿ ಬೋಪಣ್ಣ, ನಿಧಿ ಸುಬ್ಬಯ್ಯ, ಹರ್ಷಿಕಾ ಪೂಣಚ್ಚ ಕೂಡ ರಶ್ಮಿಕಾರಿಗಿಂತ ಮೊದಲೇ ಬಂದವರು. ಅವರನ್ನು ನೆನಪಿಸಿದವರು ಮಾಡಿದ್ದು ನ್ಯಾಯವಾದ ತಿದ್ದುಪಡಿ. ಹಿಂದೆ ನಡೆದವರ ಹೆಸರು ಅಳಿಸಿಹೋಗಬಾರದು. ಅಲ್ಲಿಗೇ ನಿಂತಿದ್ದರೆ ಅದು ಟೀಕೆಯಾಗಿ ಉಳಿಯುತ್ತಿತ್ತು. ಅದರ ಬೆನ್ನಿಗೆ ನಿಶ್ಚಿತಾರ್ಥ, ಬೆರಳ ಸನ್ನೆ, ಹೈದರಾಬಾದ್ ಎಲ್ಲವೂ ಮತ್ತೆ ಮೇಲೆದ್ದು ಬಂದಾಗ ಅದು ಗಡಿ ದಾಟಿತು.

ಸೋಮವಾರಪೇಟೆಯ ದೂರು

ರಮ್ಯಾ ಎಂದೇ ಹೆಸರಾದ ದಿವ್ಯಸ್ಪಂದನ 2003ರ ‘ಅಭಿ’ಯಿಂದ ಹತ್ತು ವರ್ಷ ಕನ್ನಡದ ಅಗ್ರ ನಟಿ. 2013ರ ಉಪಚುನಾವಣೆಯಲ್ಲಿ ಗೆದ್ದು ಮಂಡ್ಯದ ಸಂಸದೆಯಾದರು. 2016ರ ಆಗಸ್ಟ್‌ನಲ್ಲಿ ಸಾರ್ಕ್ ದೇಶಗಳ ಯುವ ಜನಪ್ರತಿನಿಧಿಗಳ ಸಭೆಗೆಂದು ಇಸ್ಲಾಮಾಬಾದಿಗೆ ಹೋಗಿಬಂದರು. ಆಗಿನ ರಕ್ಷಣಾ ಸಚಿವ ಮನೋಹರ ಪರಿಕ್ಕರ್ ಪಾಕಿಸ್ತಾನಕ್ಕೆ ಹೋಗುವುದೂ ನರಕಕ್ಕೆ ಹೋಗುವುದೂ ಒಂದೇ ಎಂದಿದ್ದರು. ಅದು ನರಕವಲ್ಲ, ಅಲ್ಲಿನ ಜನರೂ ನಮ್ಮಂತೆಯೇ ಎಂಬುದು ರಮ್ಯಾ ಕೊಟ್ಟ ಉತ್ತರ. ಕೊಡಗಿನ ವಕೀಲರೊಬ್ಬರು ಸೋಮವಾರಪೇಟೆಯ ನ್ಯಾಯಾಲಯದಲ್ಲಿ ಅವರ ಮೇಲೆ ದೇಶದ್ರೋಹದ ಖಾಸಗಿ ದೂರು ಹೂಡಿದರು. ಆಗಸ್ಟ್ 25ರಂದು ಮಂಗಳೂರು ವಿಮಾನ ನಿಲ್ದಾಣದ ಬಳಿ ಅವರ ಕಾರಿಗೆ ಮೊಟ್ಟೆ ಎಸೆಯಲಾಯಿತು. ರಮ್ಯಾ ಕ್ಷಮೆ ಕೇಳಲಿಲ್ಲ.

ಮಾತಿನಿಂದ ಹಿಂಸೆಗೆ ಪ್ರಚೋದನೆ ದೊರೆತರೆ ಮಾತ್ರ ಅದು ದೇಶದ್ರೋಹ ಎಂದು ಸುಪ್ರೀಂ ಕೋರ್ಟ್ 1962ರಲ್ಲೇ ಕೇದಾರನಾಥ ಸಿಂಗ್ ಪ್ರಕರಣದಲ್ಲಿ ಹೇಳಿತ್ತು. ನೆರೆಯ ದೇಶದ ಜನ ಒಳ್ಳೆಯವರು ಎಂಬ ಮಾತು ಆ ಗೆರೆಯ ಹತ್ತಿರಕ್ಕೂ ಬರುವುದಿಲ್ಲ. ರಾಜಕಾರಣಿಯಾದ ಮೇಲೆ ಆಡಿದ ಮಾತಿಗೆ ವಿರೋಧ ಬರುವುದು ಸಹಜವೇ. ಆದರೆ ಆ ದಿನಗಳ ಬೈಗುಳದ ಬಹುಪಾಲು ವಿದೇಶಾಂಗ ನೀತಿಯನ್ನು ಕುರಿತದ್ದಾಗಿರಲಿಲ್ಲ. ಅದು ಆಕೆಯ ಮೈ, ಮದುವೆ, ನಡತೆಗಳನ್ನು ಕುರಿತದ್ದಾಗಿತ್ತು.

ಒಂಬತ್ತು ವರ್ಷಗಳ ನಂತರ ಅವರು ಮತ್ತೆ ಅದೇ ಜಾಗದಲ್ಲಿ ನಿಂತರು. ನಟ ದರ್ಶನ್ ಆರೋಪಿಯಾಗಿರುವ ರೇಣುಕಾಸ್ವಾಮಿ ಕೊಲೆ ಪ್ರಕರಣದ ಕುರಿತು 2025ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ವ್ಯಕ್ತಪಡಿಸಿದ ಅಭಿಪ್ರಾಯವನ್ನು ಹಂಚಿಕೊಂಡು, ಮಡಿದವನ ಕುಟುಂಬಕ್ಕೆ ನ್ಯಾಯ ಸಿಗಲಿ ಎಂದು ರಮ್ಯಾ ಬರೆದರು. ಅಶ್ಲೀಲ ಸಂದೇಶಗಳ ಮಳೆ ಸುರಿಯಿತು. ಅತ್ಯಾಚಾರದ, ಕೊಲೆಯ ಬೆದರಿಕೆಗಳೂ ಬಂದವು. ಅವರು ಬೆಂಗಳೂರು ನಗರ ಪೊಲೀಸ್ ಆಯುಕ್ತರಿಗೆ ದೂರು ಕೊಟ್ಟರು. 43 ಖಾತೆಗಳ ಮೇಲೆ ಪ್ರಕರಣ ದಾಖಲಾಯಿತು, ಕೆಲವೇ ದಿನಗಳಲ್ಲಿ ಬಂಧನಗಳೂ ನಡೆದವು. ಇಲ್ಲಿ ಒಂದು ಸಂಗತಿ ಎದೆಗೆ ನಾಟುವಂಥದ್ದು. ಪೊಲೀಸರ ಪ್ರಕಾರ ಆ ಕೊಲೆ ಪ್ರಕರಣದ ಮೂಲವೇ ಒಬ್ಬ ಹೆಣ್ಣಿಗೆ ಕಳಿಸಿದ ಅಶ್ಲೀಲ ಸಂದೇಶಗಳು. ಅದನ್ನು ಸಹಿಸಲಾರದ ಅಪರಾಧವೆಂದು ವಾದಿಸಿದ ದರ್ಶನ್ ಅಭಿಮಾನಿಗಳ ಗುಂಪಿನವರೇ ಇನ್ನೊಬ್ಬ ಹೆಣ್ಣಿಗೆ ಅದೇ ಬಗೆಯ ಸಂದೇಶ ಕಳಿಸಲು ಹಿಂಜರಿಯಲಿಲ್ಲ.

ದಸರೆಯ ದೀಪ

ಹಾಸನದ ಬಾನು ಮುಷ್ತಾಕ್ ಸಿನಿಮಾದವರಲ್ಲ. ವಕೀಲೆ, ಕತೆಗಾರ್ತಿ, ಬಂಡಾಯ ಸಾಹಿತ್ಯದ ಕಾಲದಿಂದ ಬರೆಯುತ್ತ ಬಂದವರು. ಮಹಿಳೆಯರಿಗೂ ಮಸೀದಿಯಲ್ಲಿ ಪ್ರಾರ್ಥಿಸುವ ಹಕ್ಕಿದೆ ಎಂದದ್ದಕ್ಕೆ 2000ದಲ್ಲಿ ತಮ್ಮ ಸಮುದಾಯದೊಳಗಿನಿಂದಲೇ ಬಹಿಷ್ಕಾರ ಎದುರಿಸಿದರು. ಚಾಕು ಹಿಡಿದು ಬಂದವನನ್ನು ಅವರ ಪತಿ ತಡೆದರು. 2025ರ ಮೇ 20ರಂದು ‘ಹಾರ್ಟ್ ಲ್ಯಾಂಪ್’ ಕಥಾಸಂಕಲನಕ್ಕೆ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂತು. ಕನ್ನಡದ ಪುಸ್ತಕವೊಂದಕ್ಕೆ ಈ ಪ್ರಶಸ್ತಿ ಬಂದದ್ದು ಅದೇ ಮೊದಲು. ಅದರ ಮೊತ್ತ, ಮನ್ನಣೆ ಎರಡನ್ನೂ ಅವರು ದೀಪಾ ಭಾಸ್ತಿ ಅವರೊಂದಿಗೆ ಹಂಚಿಕೊಂಡರು. ನಾಡೆಲ್ಲ ಹಿಗ್ಗಿತು.

ಹಿಗ್ಗು ಮೂರು ತಿಂಗಳು ಬಾಳಿತು. ಮೈಸೂರು ದಸರಾ ಉದ್ಘಾಟನೆಗೆ ಸರ್ಕಾರ ಅವರನ್ನು ಆರಿಸಿದ ಕೂಡಲೇ ಆಕ್ಷೇಪಗಳೆದ್ದವು. ಕನ್ನಡವನ್ನು ಭುವನೇಶ್ವರಿಯಾಗಿ ಕಾಣುವುದರ ಕುರಿತು 2023ರಲ್ಲಿ ಅವರು ಮಾಡಿದ್ದ ಭಾಷಣದ ತುಣುಕನ್ನು ಹೊರತೆಗೆಯಲಾಯಿತು. ಮೈಸೂರು–ಕೊಡಗು ಕ್ಷೇತ್ರದ ಮಾಜಿ ಸಂಸದ ಪ್ರತಾಪ ಸಿಂಹ ಮತ್ತಿತರರು ಹೈಕೋರ್ಟಿಗೆ ಹೋದರು. ಸೆಪ್ಟೆಂಬರ್ 15ರಂದು ಹೈಕೋರ್ಟ್ ಅರ್ಜಿಗಳನ್ನು ವಜಾ ಮಾಡಿತು. ಸೆಪ್ಟೆಂಬರ್ 19ರಂದು ಸುಪ್ರೀಂ ಕೋರ್ಟ್ ಕೂಡ ಬೇರೊಂದು ಮೇಲ್ಮನವಿಯನ್ನು ತಳ್ಳಿಹಾಕಿತು. 22ರಂದು ಬಾನು ಚಾಮುಂಡಿ ಬೆಟ್ಟದಲ್ಲಿ ದಸರಾ ಉದ್ಘಾಟಿಸಿದರು.

ಆ ಭಾಷಣದ ಬಗ್ಗೆ ಭಿನ್ನಾಭಿಪ್ರಾಯಕ್ಕೆ ಎಡೆಯಿತ್ತು, ಚರ್ಚೆಯೂ ನಡೆಯಬೇಕಿತ್ತು. ಆದರೆ 2017ರಲ್ಲಿ ಕವಿ ಕೆ.ಎಸ್. ನಿಸಾರ್ ಅಹಮದ್ ಇದೇ ದಸರೆಯನ್ನು ಉದ್ಘಾಟಿಸಿದ್ದರು. ಧರ್ಮವೊಂದೇ ತಕರಾರಾಗಿದ್ದರೆ ಆಗಲೂ ಇಷ್ಟೇ ದೊಡ್ಡ ಗದ್ದಲ ಆಗಬೇಕಿತ್ತು. ಎಂಟು ವರ್ಷಗಳಲ್ಲಿ ನಾಡಿನ ರಾಜಕೀಯ ಬದಲಾದದ್ದು ನಿಜ. ಅದರ ಜೊತೆಗೆ, ತನ್ನ ಸಮುದಾಯದವರ ಮುಂದೆಯೂ ಹೊರಗಿನವರ ಮುಂದೆಯೂ ಮನಸ್ಸಿನಲ್ಲಿದ್ದುದನ್ನು ನೇರವಾಗಿ ಹೇಳುವ ಹೆಣ್ಣು ಎರಡೂ ಕಡೆಯವರಿಗೆ ಇರುಸುಮುರುಸು ತಂದಳು ಎಂಬುದೂ ನಿಜ.

ಹಳೆಯ ಕಾಯಿಲೆ

ಇದು ಮೊಬೈಲ್ ತಂದ ಹೊಸ ರೋಗವಲ್ಲ. ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ ತಮ್ಮ ಕಾಲದ ಮೇಲ್ಪಂಕ್ತಿಯ ಗಾಯಕಿ. ಹದಿನೆಂಟನೆಯ ಶತಮಾನದ ತೆಲುಗು ಕವಯಿತ್ರಿ ಮುದ್ದುಪಳನಿಯ ‘ರಾಧಿಕಾ ಸಾಂತ್ವನಮು’ ಕಾವ್ಯವನ್ನು ಅವರು ಪರಿಷ್ಕರಿಸಿ 1910ರಲ್ಲಿ ಪ್ರಕಟಿಸಿದರು. ಸಮಾಜ ಸುಧಾರಕರೆನಿಸಿದ ಕಂದುಕೂರಿ ವೀರೇಶಲಿಂಗಂ ಮುದ್ದುಪಳನಿಯನ್ನು ಹಳಿದಿದ್ದರು. ಅಂಥ ಮಾತು ಹೆಣ್ಣಿನ ಬಾಯಲ್ಲಿ ಬರಬಾರದೆಂಬುದು ಅವರ ತಕರಾರು. ಗಂಡು ಕವಿಗಳು ಅದಕ್ಕಿಂತ ಹೆಚ್ಚು ಶೃಂಗಾರ ಬರೆದಿಲ್ಲವೇ, ಅವರಿಗಿಲ್ಲದ ನಾಚಿಕೆ ಇವಳಿಗೇಕೆ ಎಂದು ನಾಗರತ್ನಮ್ಮ ತಿರುಗಿ ಕೇಳಿದರು. ಬ್ರಿಟಿಷ್ ಸರ್ಕಾರ ಪುಸ್ತಕವನ್ನು ನಿಷೇಧಿಸಿತು. ನಿಷೇಧ ತೆರವಾದದ್ದು 1947ರಲ್ಲಿ. ತಿರುವಯ್ಯಾರಿನ ತ್ಯಾಗರಾಜರ ಆರಾಧನೆಯಲ್ಲಿ ಹೆಣ್ಣುಮಕ್ಕಳಿಗೆ ಹಾಡಲು ಅವಕಾಶವಿರಲಿಲ್ಲ. ತ್ಯಾಗರಾಜರ ಸಮಾಧಿಗೆ ತಮ್ಮ ಗಳಿಕೆಯಿಂದ ಗುಡಿ ಕಟ್ಟಿಸಿದವರು ಇದೇ ನಾಗರತ್ನಮ್ಮ.

ಮೊಬೈಲಿನ ಅಬ್ಬರಕ್ಕೆ ಮುಂಚಿನ ಇನ್ನೊಂದು ಪ್ರಸಂಗ 2011ರದ್ದು. ಪತ್ನಿಯ ಮೇಲೆ ಹಲ್ಲೆ ಮಾಡಿದ ಆರೋಪದಲ್ಲಿ ಆ ಸೆಪ್ಟೆಂಬರ್‌ನಲ್ಲಿ ದರ್ಶನ್ ಬಂಧನವಾಯಿತು. ಕನ್ನಡ ಚಿತ್ರ ನಿರ್ಮಾಪಕರ ಸಂಘ ಶಿಕ್ಷೆ ವಿಧಿಸಿದ್ದು ನಟಿ ನಿಖಿತಾ ಅವರಿಗೆ. ಆ ಸಂಸಾರದ ಬಿರುಕಿಗೆ ಇವರೇ ಕಾರಣವೆಂದು ಮೂರು ವರ್ಷ ನಿಷೇಧ ಹೇರಿತು. ಎಲ್ಲೆಡೆಯಿಂದ ಛೀಮಾರಿ ಬಂದ ಮೇಲೆ ಕೆಲವೇ ದಿನಗಳಲ್ಲಿ ಅದನ್ನು ಹಿಂತೆಗೆದುಕೊಂಡಿತು. ಅದೇ ತಿಂಗಳ ಕೊನೆಗೆ, ನಾಯಕ ಜೈಲಿನಲ್ಲಿದ್ದಾಗಲೇ, ಅವರ ‘ಸಾರಥಿ’ ತೆರೆಕಂಡು ಭಾರಿ ಯಶಸ್ಸು ಗಳಿಸಿತು.

ಮಗಳು ಮತ್ತು ಅಣ್ಣ

ಈ ಮುನಿಸಿನ ಬೇರು ಕನ್ನಡಿಗರು ತಾರೆಯರನ್ನು ಕರೆಯುವ ಬಗೆಯಲ್ಲೇ ಕಾಣುತ್ತದೆ. ಗಂಡಸರಾದರೆ ಅಣ್ಣಾವ್ರು, ಅಪ್ಪಾಜಿ, ಬಾಸ್, ಯಜಮಾನ. ಎಲ್ಲವೂ ಹಿರಿತನದ ಹೆಸರುಗಳು. ಹೆಂಗಸರಾದರೆ ನಮ್ಮ ಹುಡುಗಿ, ಮನೆಮಗಳು, ಕ್ರಶ್. ಅಣ್ಣನನ್ನು ಗದರಿಸುವುದು ಮನೆಯಲ್ಲಿ ವಾಡಿಕೆಯಲ್ಲ. ಮಗಳನ್ನು ಗದರಿಸುವ ಹಕ್ಕು ಮಾತ್ರ ಮನೆಯ ಪ್ರತಿಯೊಬ್ಬರಿಗೂ ಇದೆ. ಮಗಳು ಹುಟ್ಟಿದ ಮನೆಗೂ ಕೊಟ್ಟ ಮನೆಗೂ ಹೆಸರು ತರಬೇಕು ಎನ್ನುತ್ತಾರೆ; ಮಗನಿಗೆ ಆ ಮಾತು ಹೇಳುವವರಿಲ್ಲ. ಹೆಣ್ಣಿನ ಗೆಲುವು ಅವಳದಲ್ಲ, ಮನೆಯದು. ಹಾಗಾಗಿ ಅವಳ ತಪ್ಪೂ ಮನೆಯ ಮಾನದ ಪ್ರಶ್ನೆಯಾಗುತ್ತದೆ.

ಕೊಡಗಿನಂಥ ಪುಟ್ಟ ನಾಡಿನಲ್ಲಿ ಈ ಒಡೆತನ ಇನ್ನೂ ಗಟ್ಟಿ. ಇಲ್ಲಿ ವ್ಯಕ್ತಿಯನ್ನು ಗುರುತಿಸುವುದು ಒಕ್ಕದ, ಅಂದರೆ ಮನೆತನದ, ಹೆಸರಿನಿಂದ. ಯಾರ ಮಗಳು, ಯಾವ ಒಕ್ಕ ಎಂಬುದು ಮೊದಲ ಪ್ರಶ್ನೆ. ಅದರ ಜೊತೆ ಇನ್ನೊಂದು ಹೊರೆಯೂ ಇದೆ. 1956ರ ನವೆಂಬರ್ 1ರವರೆಗೆ ಕೊಡಗು ಪ್ರತ್ಯೇಕ ರಾಜ್ಯವಾಗಿತ್ತು. ಕೊಡವರ ಮನೆಮಾತು ಕೊಡವ ತಕ್ಕ್. ವಿರಾಜಪೇಟೆಯ ನಟಿ ಬೆಂಗಳೂರಿಗೆ ಕನ್ನಡತಿಯಾಗಿರಬೇಕು, ಕೊಡಗಿಗೆ ಕೊಡವತಿಯಾಗಿರಬೇಕು, ದುಡಿಯುವ ಹೈದರಾಬಾದಿಗೆ ಅಲ್ಲಿಯವಳೂ ಆಗಿರಬೇಕು. ಮೂರು ತವರುಗಳನ್ನು ಒಂದೇ ವಾಕ್ಯದಲ್ಲಿ ಮೆಚ್ಚಿಸುವುದು ಯಾರಿಂದಲೂ ಆಗದು.

ಹಾಗೆಂದು ಕೊಡಗು ಹೆಣ್ಣಿನ ಸಾಧನೆಯನ್ನು ಸಹಿಸದ ನಾಡೇನಲ್ಲ. ಓಟಗಾರ್ತಿ ಅಶ್ವಿನಿ ನಾಚಪ್ಪ, ಬ್ಯಾಡ್ಮಿಂಟನ್ ಆಟಗಾರ್ತಿ ಅಶ್ವಿನಿ ಪೊನ್ನಪ್ಪ, ಸ್ಕ್ವಾಷ್ ಆಟಗಾರ್ತಿ ಜೋಷ್ನಾ ಚಿಣ್ಣಪ್ಪ ಇಲ್ಲಿನ ಹೆಮ್ಮೆಯ ಹೆಸರುಗಳು. ಆಟಗಾರ್ತಿ ದೇಶಕ್ಕಾಗಿ ಆಡುತ್ತಾಳೆ, ಪದಕವನ್ನು ಊರಿಗೆ ತರುತ್ತಾಳೆ. ನಟಿಯೋ ತನಗಾಗಿ ಆರಿಸುತ್ತಾಳೆ: ಯಾವ ಭಾಷೆ, ಯಾವ ಪಾತ್ರ, ಯಾವ ಊರು, ಯಾವ ಸಂಗಾತಿ. ಗೆಲುವಿಗಿಂತ ಹೆಚ್ಚಾಗಿ ಆ ಆಯ್ಕೆಯೇ ಕಣ್ಣು ಕುಕ್ಕುತ್ತದೆ.

ಗಂಡಸರಿಗೆ ವಿರೋಧ ಬರುವುದಿಲ್ಲವೆಂದಲ್ಲ. ಕನ್ನಡ ತಮಿಳಿನಿಂದ ಹುಟ್ಟಿತೆಂದ ಕಮಲ್ ಹಾಸನ್ ಕ್ಷಮೆ ಕೇಳಲಿಲ್ಲ. 2025ರ ಜೂನ್‌ನಲ್ಲಿ ಅವರ ‘ಥಗ್ ಲೈಫ್’ ಕರ್ನಾಟಕದಲ್ಲಿ ಬಿಡುಗಡೆಯಾಗಲಿಲ್ಲ. ಆ ಸಿಟ್ಟು ಮಾತಿನ ಮೇಲಿತ್ತು. ಅವರ ಉಡುಪು, ಮೈಕಟ್ಟು, ಸಂಸಾರ ಅದರ ವಿಷಯವಾಗಲಿಲ್ಲ. ಗಂಡಸಿನ ಮಾತಿಗೆ ಉತ್ತರ ಕೊಡುತ್ತಾರೆ, ಹೆಂಗಸಿನ ಮಾತಿಗೆ ಅವಳ ಮೈಯನ್ನು ಎಳೆದು ತರುತ್ತಾರೆ.

ಹೊರಗಿನ ಲೋಕ

ಈ ತಾರತಮ್ಯ ಕನ್ನಡ ನಾಡಿಗಷ್ಟೇ ಸೇರಿದ್ದಲ್ಲ. ಬೆಂಗಳೂರಿನಲ್ಲಿ ಬೆಳೆದ ದೀಪಿಕಾ ಪಡುಕೋಣೆಯ ಮೂಗು ಕೊಯ್ಯುವುದಾಗಿ 2017ರ ನವೆಂಬರ್‌ನಲ್ಲಿ ‘ಪದ್ಮಾವತಿ’ ಚಿತ್ರದ ವಿರೋಧಿಗಳು ಬಹಿರಂಗವಾಗಿ ಬೆದರಿಸಿದರು. ಅಮೆರಿಕದಲ್ಲಿ 2004ರ ಫೆಬ್ರುವರಿ 1ರಂದು ಸೂಪರ್ ಬೌಲ್ ವೇದಿಕೆಯ ಮೇಲೆ ಗಾಯಕ ಜಸ್ಟಿನ್ ಟಿಂಬರ್ಲೇಕ್ ಎಳೆದಾಗ ಗಾಯಕಿ ಜಾನೆಟ್ ಜಾಕ್ಸನ್‌ರ ಉಡುಪು ಹರಿಯಿತು. ಮುಂದಿನ ವಾರದ ಗ್ರ್ಯಾಮಿ ಸಮಾರಂಭದಲ್ಲಿ ಎಳೆದವರು ಪ್ರಶಸ್ತಿ ಪಡೆದರು. ಉಡುಪು ಹರಿಸಿಕೊಂಡವರು ಅಲ್ಲಿರಲಿಲ್ಲ. 2018ರಲ್ಲಿ ಟಿಂಬರ್ಲೇಕ್ ಅದೇ ಸೂಪರ್ ಬೌಲ್ ವೇದಿಕೆಗೆ ಮರಳಿ ಬಂದು ಹಾಡಿದರು.

ಮನಸ್ಸಿನ ಈ ಓರೆಯನ್ನು ಕೊಲಂಬಿಯಾ ವಿಶ್ವವಿದ್ಯಾಲಯದ ಪಾಠವೊಂದು ಸರಳವಾಗಿ ತೋರಿಸಿತು. ಹೈಡಿ ರೋಯ್ಜೆನ್ ಎಂಬ ಉದ್ಯಮಿಯ ಸಾಧನೆಯ ಕಥನವನ್ನು ಅರ್ಧ ವಿದ್ಯಾರ್ಥಿಗಳಿಗೆ ಅವರ ಹೆಸರಿನಲ್ಲೇ, ಉಳಿದರ್ಧಕ್ಕೆ ಹೊವರ್ಡ್ ಎಂಬ ಗಂಡಿನ ಹೆಸರಿನಲ್ಲಿ ಕೊಡಲಾಯಿತು. ಹೆಸರು ಬಿಟ್ಟರೆ ಒಂದಕ್ಷರವೂ ಬೇರೆಯಿರಲಿಲ್ಲ. ಇಬ್ಬರೂ ಸಮರ್ಥರೆಂದು ಎಲ್ಲರೂ ಒಪ್ಪಿದರು. ಆದರೆ ಹೊವರ್ಡ್ ಅವರಿಗೆ ಇಷ್ಟವಾದ, ಹೈಡಿ ಸ್ವಾರ್ಥಿಯಾಗಿ ಕಂಡಳು. ಗೆಲುವು ಗಂಡಿಗೆ ಮೆಚ್ಚುಗೆಯನ್ನೂ ತರುತ್ತದೆ, ಹೆಣ್ಣಿನಿಂದ ಅದನ್ನು ಕಳೆಯುತ್ತದೆ.

ಇನ್ನೊಂದು ಕಾರಣ ಪರದೆಯ ಮೂಲಕ ಬೆಳೆಯುವ ಒಮ್ಮುಖದ ನಂಟು. ಟಿವಿಯಲ್ಲಿ ದಿನವೂ ಕಾಣುವವರನ್ನು ನೋಡುಗ ತನ್ನ ಆಪ್ತರೆಂದೇ ಭಾವಿಸುತ್ತಾನೆ ಎಂದು ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ 1956ರಲ್ಲೇ ಬರೆದರು. ಆಪ್ತಳೆಂದುಕೊಂಡವಳು ತನ್ನನ್ನು ಕೇಳದೆ ತೀರ್ಮಾನ ಮಾಡಿದಾಗ ಅವನಿಗಾಗುವ ನೋವು ನಿಜವಾದದ್ದೇ. ಆದರೆ ಆ ಸಂಬಂಧವನ್ನು ಅವಳು ಒಪ್ಪಿಕೊಂಡಿರಲಿಲ್ಲ, ಅದರ ಸಾಲವೂ ಅವಳ ಮೇಲಿಲ್ಲ.

ಮುನಿಸು ಹಬ್ಬುವ ಬಗೆ

ಗದ್ದಲಗಳು ಹಬ್ಬುವ ದಾರಿ ಹೆ­ಚ್ಚುಕಡಿಮೆ ಒಂದೇ. ಒಂದು ಗಂಟೆಯ ಸಂದರ್ಶನದಿಂದ ಹತ್ತು ಸೆಕೆಂಡಿನ ತುಣುಕು ಹೊರಬರುತ್ತದೆ, ಹಿಂದುಮುಂದಿನ ಮಾತು ಉದುರಿಹೋಗುತ್ತದೆ. ಟ್ರೋಲ್ ಪುಟಗಳು ಅದಕ್ಕೆ ಶೀರ್ಷಿಕೆ ಹಚ್ಚುತ್ತವೆ. ಯೂಟ್ಯೂಬ್ ವಾಹಿನಿಗಳು ಪ್ರತಿಕ್ರಿಯೆಯ ವಿಡಿಯೊ ಮಾಡುತ್ತವೆ. ಸಂಜೆ ಸುದ್ದಿವಾಹಿನಿ ‘ಜಾಲತಾಣದಲ್ಲಿ ಆಕ್ರೋಶ’ ಎಂದು ಚರ್ಚೆಗೆ ಕೂರಿಸುತ್ತದೆ. ಆ ಹೊತ್ತಿಗೆ ಸಂಘಟನೆಯ ಹೇಳಿಕೆ, ರಾಜಕಾರಣಿಯ ಎಚ್ಚರಿಕೆ ಬರುತ್ತವೆ. ಹೆಚ್ಚು ಜನ ಮುಟ್ಟಿದ್ದನ್ನೇ ಮತ್ತೆ ಹೆಚ್ಚು ಜನರ ಮುಂದಿಡುವುದು ಜಾಲತಾಣಗಳ ಲೆಕ್ಕಾಚಾರ. ಮೆಚ್ಚುಗೆಗಿಂತ ಸಿಟ್ಟು ಬೇಗ ಹರಡುತ್ತದೆ. ವೀಕ್ಷಣೆಗೆ ತಕ್ಕಂತೆ ದುಡ್ಡು ಹುಟ್ಟುತ್ತದೆ. ನಾಯಕ ನಟರ ಬೆನ್ನಿಗೆ ಊರೂರಿನ ಅಭಿಮಾನಿ ಸಂಘಗಳಿವೆ. ನಟಿಯರ ಪರ ಅಂಥ ಪಡೆ ಇಲ್ಲದ ಕಾರಣ ಅವರನ್ನು ಬೈಯುವುದಕ್ಕೆ ಅಂಜಿಕೆಯೂ ಇಲ್ಲ.

ಇದರ ಬೆಲೆ ತೆರುವವರು ತಾರೆಯರಷ್ಟೇ ಅಲ್ಲ. ವಿರಾಜಪೇಟೆಯಲ್ಲೋ ಕುಶಾಲನಗರದಲ್ಲೋ ಹಾಡು, ಬರವಣಿಗೆ, ನಟನೆಯ ಕನಸು ಕಾಣುವ ಹುಡುಗಿ ಆ ಕಾಮೆಂಟುಗಳನ್ನು ಓದುತ್ತಾಳೆ. ಅವಳ ಅಪ್ಪ ಅಮ್ಮನೂ ಓದುತ್ತಾರೆ. ಹೆಸರಾದ ಹೆಣ್ಣಿಗೇ ಈ ಗತಿಯಾದರೆ ನಮ್ಮ ಮಗಳಿಗೆ ಇದೆಲ್ಲ ಬೇಡ ಎಂದು ಎಷ್ಟೋ ಮನೆಗಳಲ್ಲಿ ಬಾಗಿಲು ಸದ್ದಿಲ್ಲದೆ ಮುಚ್ಚುತ್ತದೆ.

ಕಾನೂನು ಮತ್ತು ಗೆರೆ

ಬೈಗುಳ ಅಪರಾಧದ ಗೆರೆ ದಾಟಿದಾಗ ಕಾನೂನಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ನೇ ಸೆಕ್ಷನ್ ಪ್ರಕಾರ ಅಶ್ಲೀಲ ವಿಷಯವನ್ನು ಪ್ರಸಾರ ಮಾಡಿದವರಿಗೆ ಮೊದಲ ಬಾರಿಗೆ ಮೂರು ವರ್ಷಗಳವರೆಗೆ ಸೆರೆ, ಐದು ಲಕ್ಷ ರೂಪಾಯಿವರೆಗೆ ದಂಡ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಲೈಂಗಿಕ ಕಿರುಕುಳಕ್ಕೆ 75ನೇ, ಹಿಂಬಾಲಿಸಿ ಕಾಡುವುದಕ್ಕೆ 78ನೇ, ಹೆಣ್ಣಿನ ಮಾನಕ್ಕೆ ಧಕ್ಕೆ ತರುವ ಮಾತು, ಸನ್ನೆಗಳಿಗೆ 79ನೇ ಸೆಕ್ಷನ್ ಇವೆ. ಇವು ನಟಿಯರಿಗೆ ಮೀಸಲಾದ ಕಾನೂನುಗಳಲ್ಲ. ಯಾವ ಹೆಣ್ಣಾದರೂ ಹತ್ತಿರದ ಸೈಬರ್ ಠಾಣೆಯಲ್ಲಿ ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್ಲಿನಲ್ಲಿ ದೂರು ಕೊಡಬಹುದು. ಸಂದೇಶವನ್ನು ಅಳಿಸದೆ ಅದರ ಚಿತ್ರ, ಖಾತೆಯ ವಿಳಾಸ, ದಿನಾಂಕ ಉಳಿಸಿಕೊಳ್ಳುವುದು ಮುಖ್ಯ. ರಮ್ಯಾ ಕೊಟ್ಟ ದೂರು ಬಂಧನದವರೆಗೆ ಮುಟ್ಟಿತು. ಬೈದವರು ಮುಖವಿಲ್ಲದವರಲ್ಲ, ಅವರನ್ನು ಹುಡುಕಬಹುದು ಎಂಬುದು ಅದರಿಂದ ಸಾಬೀತಾಯಿತು.

ಕಾನೂನು ತಲುಪದ ಜಾಗದಲ್ಲಿ ಓದುಗರ, ನೋಡುಗರ ವಿವೇಕವೇ ಕೆಲಸ ಮಾಡಬೇಕು. ಅದಕ್ಕೆ ಎರಡು ಪ್ರಶ್ನೆ ಸಾಕು. ಇದೇ ಮಾತನ್ನು ಗಂಡಸೊಬ್ಬ ಆಡಿದ್ದರೆ ಇಷ್ಟೇ ಸಿಟ್ಟು ಬರುತ್ತಿತ್ತೇ? ಸಿಟ್ಟು ಅವಳ ಮಾತಿನ ಮೇಲಿದೆಯೇ, ಅವಳು ಕೈತಪ್ಪಿ ಹೋದಳೆಂಬುದರ ಮೇಲಿದೆಯೇ? ಪ್ರೇಮಾರ ಹೆಸರನ್ನು ನೆನಪಿಸಿದ ಕೊಡಗಿನವರು ಮೊದಲ ಬಗೆಯ ಸಿಟ್ಟನ್ನು ಮಾತಿನಲ್ಲೇ ತೀರಿಸಿಕೊಂಡರು; ಅದು ಯಾರ ಬದುಕನ್ನೂ ಮುರಿಯದೆ ಒಂದು ತಪ್ಪನ್ನು ತಿದ್ದಿತು. ಎರಡನೆಯ ಬಗೆಯ ಸಿಟ್ಟಿಗೆ ಮಾತ್ರ ತಿದ್ದುಪಡಿ ಸಾಕಾಗುವುದಿಲ್ಲ, ಹೆಣ್ಣೇ ಬಗ್ಗಬೇಕು. ‘ನಮ್ಮ ಹುಡುಗಿ’ ಎಂಬ ಮಾತು ಅಕ್ಕರೆಯದು, ಅದು ಹಾಗೆಯೇ ಉಳಿಯಲಿ. ಕಾಫಿ ತೋಟಕ್ಕೆ ಹಕ್ಕುಪತ್ರ ಇರುತ್ತದೆ. ತೋಟದ ಮನೆಯಲ್ಲಿ ಹುಟ್ಟಿ ತನ್ನ ದಾರಿ ಹಿಡಿದ ಹೆಣ್ಣಿಗೆ ಯಾರ ಹೆಸರಿನಲ್ಲೂ ಹಕ್ಕುಪತ್ರವಿಲ್ಲ.